ನಿಕಲ್ಸನ್ ಕಿಟಕಿಯಲ್ಲಿ ಅಪ್ಪನ ಜಗ್

ಸಂಪಾದಕರೇ,

ಅಮೂರ್ತ ಕಲೆಯ ಬಗ್ಗೆ ನಿಮ್ಮ ಭಾನುವಾರದ ಪುರವಣಿಯಲ್ಲಿ ಬಂದ ಲೇಖನ ಓದಿದೆ. ಬ್ರಿಟನ್ನಿನ ಚಿತ್ರಕಾರ ಬೆನ್ ನಿಕಲ್ಸನ್ ಅವರನ್ನು ಅದರಲ್ಲಿ ಒಂದೇ ಸಾಲಿನಲ್ಲಿ ಮುಗಿಸಿದ್ದಾರೆ: ನೇರ ಗೆರೆ, ಚೌಕಗಳಲ್ಲೇ ಚಿತ್ರ ಕಟ್ಟಿದ ಡಚ್ ಕಲಾವಿದ ಮಾಂಡ್ರಿಯಾನ್ ದಾರಿ ಹಿಡಿದವರು ಅಂತ. ಅದು ಸುಳ್ಳಲ್ಲ. 1934ರಲ್ಲಿ ಅವರು ಪ್ಯಾರಿಸ್ಸಿನಲ್ಲಿ ಮಾಂಡ್ರಿಯಾನ್ ಸ್ಟುಡಿಯೊಗೆ ಹೋಗಿದ್ದರು. ಬರೀ ಬಿಳಿ ಬಣ್ಣದ ಉಬ್ಬುಚಿತ್ರಗಳು ಆ ಕಾಲದವೇ. ಆದರೆ ಮಾತು ಅಲ್ಲಿಗೇ ನಿಂತರೆ, ಅವರ ಚಿತ್ರಗಳಲ್ಲಿ ಮತ್ತೆ ಮತ್ತೆ ಬರುವ ಜಗ್ಗು, ಲೋಟಗಳ ಕಥೆ ಏನು?

ಅವು ಬಂದದ್ದು ಮನೆಯಿಂದ. ತಂದೆ ವಿಲಿಯಂ ನಿಕಲ್ಸನ್ ಕೂಡ ಹೆಸರಾಂತ ಚಿತ್ರಕಾರರು. ಪಟ್ಟೆಯ, ಚುಕ್ಕೆಯ ಜಗ್ಗುಗಳನ್ನು ಆಸೆಪಟ್ಟು ಕೂಡಿಡುತ್ತಿದ್ದರು. ಸ್ಟಿಲ್ ಲೈಫ್, ಅಂದರೆ ಮೇಜಿನ ಮೇಲಿಟ್ಟ ವಸ್ತುಗಳ ಚಿತ್ರ, ಆ ವಿಷಯದಲ್ಲಿ ತಂದೆಯ ಋಣ ದೊಡ್ಡದು ಎಂದು ಮಗನೇ ಮುಂದೆ ಹೇಳಿಕೊಂಡಿದ್ದಾರೆ. ಅಪ್ಪನ ಚಿತ್ರದಲ್ಲಿ ಬೆಳ್ಳಿ ಪಾತ್ರೆ ಮಿರಮಿರ ಮಿಂಚುತ್ತದೆ. ಮಗನ ಕೈಗೆ ಬರುವಾಗ ಆ ಮಿಂಚು ಹೋಯಿತು, ನೆರಳೂ ಹೋಯಿತು. ಉಳಿದದ್ದು ಪೆನ್ಸಿಲ್ ಗೆರೆ, ಜಗ್ಗಿನ ಬಾಯಿಯ ದುಂಡು, ಒಂದು ಹಿಡಿಕೆ. ಒಂದೇ ವಸ್ತುವನ್ನು ಹಲವು ಕಡೆಯಿಂದ ಒಟ್ಟಿಗೆ ತೋರಿಸಿದ ಪಿಕಾಸೊ, ಬ್ರಾಕ್ ಚಿತ್ರಗಳನ್ನು ನೋಡಿದ ಮೇಲಂತೂ ಮೇಜು ನಮ್ಮ ಕಡೆಗೇ ಎದ್ದು ನಿಂತಿತು. ಒಂದು ಲೋಟದ ಗೆರೆ ಇನ್ನೊಂದರೊಳಗೆ ಹಾದುಹೋಗುತ್ತದೆ. ಎರಡೂ ಕೂಡುವ ಚೂರಿಗೆ ಬೇರೆಯದೇ ಬಣ್ಣ. ಆ ಚೂರು ಯಾವ ಲೋಟದ್ದೂ ಅಲ್ಲ. ನನ್ನ ಕಣ್ಣು ಯಾವಾಗಲೂ ಅಲ್ಲೇ ನಿಲ್ಲುತ್ತದೆ.

ಇನ್ನು ಕಡಲು. 1928ರಲ್ಲಿ ಇಂಗ್ಲೆಂಡಿನ ನೈಋತ್ಯ ತುದಿಯ ಕಾರ್ನ್‌ವಾಲ್‌ನ ಸೇಂಟ್ ಐವ್ಸ್ ಊರಿನಲ್ಲಿ, ಗೆಳೆಯ ಕ್ರಿಸ್ಟೊಫರ್ ವುಡ್ ಜೊತೆ ನಡೆದು ಹೋಗುವಾಗ, ತೆರೆದ ಬಾಗಿಲಿನೊಳಗೆ ನಿಕಲ್ಸನ್ ಅವರಿಗೆ ಕೆಲವು ಚಿತ್ರಗಳು ಕಂಡವು. ಬಿಡಿಸಿದವರು ಆಲ್‌ಫ್ರೆಡ್ ವಾಲಿಸ್. ಹಿಂದೆ ಮೀನುಗಾರ, ವಯಸ್ಸಾದ ಮೇಲೆ ಕುಂಚ ಹಿಡಿದವರು. ರಟ್ಟಿನ ತುಂಡು ಸೊಟ್ಟಗಿದ್ದರೆ ಚಿತ್ರವೂ ಸೊಟ್ಟಗೆ. ದೋಣಿಗೆ ಬಳಿಯುವಂಥ ಬಣ್ಣ. ತಮಗೆ ಮುಖ್ಯ ಅನಿಸಿದ್ದು ದೊಡ್ಡದು, ಬೇಡದ್ದು ಚಿಕ್ಕದು, ದೂರ ಹತ್ತಿರದ ಲೆಕ್ಕವೇ ಇಲ್ಲ. ಅಲ್ಲಲ್ಲಿ ಬಣ್ಣ ಹಚ್ಚದೆ ಬಿಟ್ಟ ರಟ್ಟೂ ಚಿತ್ರದ ಭಾಗವೇ. ನಿಕಲ್ಸನ್ ಆಮೇಲೆ ಬ್ಲೇಡಿನಿಂದ ಬಣ್ಣ ಕೆರೆದು ಹಲಗೆಯ ಮೈ ಕಾಣಿಸಿದ್ದನ್ನು ನೋಡಿದಾಗಲೆಲ್ಲ ನನಗೆ ವಾಲಿಸ್ ನೆನಪಾಗುತ್ತಾರೆ. ಚಿತ್ರ ಅನ್ನೋದು ಸುಮ್ನೆ ಒಂದು ನೋಟವಲ್ಲ, ಕೈಗೆ ಸಿಗುವ ವಸ್ತು ಅಂತ ನಿಕಲ್ಸನ್ ಅವರಿಗೆ ತೋರಿಸಿದ್ದರಲ್ಲಿ ಈ ಮುದುಕರ ಪಾಲು ಮಾಂಡ್ರಿಯಾನ್‌ಗಿಂತ ಕಮ್ಮಿಯೇನಲ್ಲ.

1939ರಲ್ಲಿ ಯುದ್ಧ ಶುರುವಾಗುವ ಹೊತ್ತಿಗೆ ನಿಕಲ್ಸನ್ ಅದೇ ಕಡಲ ತೀರಕ್ಕೆ ಬಂದು ನೆಲೆಸಿದರು. 1943ರಿಂದ 45ರವರೆಗೆ ಮಾಡಿದ ಸೇಂಟ್ ಐವ್ಸ್ ಚಿತ್ರವನ್ನೇ ನೋಡಿ. ಮುಂದೆ ಕಿಟಕಿಯ ಕಟ್ಟೆ, ಅದರ ಮೇಲೆ ಲೋಟಗಳು, ಪುಟ್ಟ ಬ್ರಿಟಿಷ್ ಬಾವುಟ. ಆಚೆ ಮನೆಗಳ ಸೂರು, ಬಂದರು, ದೋಣಿ. ಯಾವುದು ಒಳಗೆ, ಯಾವುದು ಹೊರಗೆ? ಲೋಟಕ್ಕೂ ಸೂರಿಗೂ ಒಂದೇ ತರಹದ ಚಪ್ಪಟೆ ಬಣ್ಣ. ಇದು ಸ್ಟಿಲ್ ಲೈಫೋ ಭೂದೃಶ್ಯವೋ ಅಂತ ಕೇಳಿದರೆ ಎರಡೂ ಅನ್ನಬೇಕು, ಅಲ್ವಾ?

ಒಂದು ಕೋರಿಕೆ. ಮುಂದಿನ ಸಲ ನಿಕಲ್ಸನ್ ಬಗ್ಗೆ ಬರೆಯಿಸಿದಾಗ ಬಿಳಿ ಉಬ್ಬುಚಿತ್ರ ಒಂದನ್ನೇ ಹಾಕಬೇಡಿ. ವಿಲಿಯಂ ಅವರ ಒಂದು ಜಗ್ಗು, ವಾಲಿಸ್ ಅವರ ಒಂದು ದೋಣಿ, ಈ ಕಿಟಕಿ, ಮೂರನ್ನೂ ಅಕ್ಕಪಕ್ಕದಲ್ಲಿ, ದಯವಿಟ್ಟು ಬಣ್ಣದಲ್ಲೇ ಅಚ್ಚು ಹಾಕಿ.

– ನಿಮ್ಮ ಓದುಗ