ಪುಟ್ಟಿ, ಮೊದಲು ಆ ಕನ್ವರ್ಟರ್ ತೆಗೆ

ಪುಟ್ಟಿ,

ಬೆಳಿಗ್ಗೆಯಿಂದ ನೀನು ಫೋನ್ ಎತ್ತುತ್ತಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಹೊಸ ಗ್ರಾಫಿಕ್ಸ್ ಕಾರ್ಡ್ ತಗೊಳ್ಳುವ ವಿಷಯಕ್ಕೆ ರಾತ್ರಿ ಇಬ್ಬರೂ ಏನೇನು ಆಡಿಕೊಂಡೆವೋ ಅದನ್ನು ಮತ್ತೆ ಇಲ್ಲಿ ತೆಗೆಯುವುದಿಲ್ಲ. ನಿನ್ನ ಸಂಬಳ, ನಿನ್ನ ಇಷ್ಟ. ನಾನು ದನಿ ಏರಿಸಬಾರದಿತ್ತು. ಆದರೆ ಫೋನ್ ಇಡುವ ಮುಂಚೆ ನೀನು ಒಂದು ಮಾತು ಹೇಳಿದೆಯಲ್ಲ: "ಹಳೇ ಎಸ್‌ಎಂಪಿಎಸ್ ಹೋಯ್ತಮ್ಮ, ಇಲ್ಲೇ ಪುಣೆಯಲ್ಲಿ ಒಂದು ಹಾಕಿಸ್ಕೊಂಡೆ. ಅದ್ರಲ್ಲಿ ಎಂಟು ಪಿನ್ ಇರ್ಲಿಲ್ಲ, ಅಂಗಡಿಯವ್ರೇ ಸಾಟಾ ಕನ್ವರ್ಟರ್ ಹಾಕ್ಕೊಟ್ರು." ಕಂಪ್ಯೂಟರಿಗೆ ಕರೆಂಟ್ ಹಂಚುವ ಡಬ್ಬಿಯಲ್ಲಿ ಕಾರ್ಡಿಗೆ ಬೇಕಾದ ಎಂಟು ಪಿನ್ ಪ್ಲಗ್ಗೇ ಇಲ್ಲ, ಹಾರ್ಡ್‌ಡಿಸ್ಕಿನ ಸಾಟಾ ಪ್ಲಗ್ಗಿನಿಂದ ಕಾರ್ಡಿಗೆ ಕರೆಂಟ್! ಜಗಳದ ಮಧ್ಯೆ ಅದು ತಲೆಗೆ ಹೋಗಲಿಲ್ಲ. ಮಲಗಿದ ಮೇಲೆ ಹೋಯಿತು. ಆಮೇಲೆ ನಿದ್ದೆ ಎಲ್ಲಿಂದ ಬರಬೇಕು?

ಇದನ್ನು ಓದುವಾಗ ಕಂಪ್ಯೂಟರ್ ಆನ್ ಇದ್ದರೆ ಶಟ್‌ಡೌನ್ ಮಾಡು. ಗೋಡೆಯ ಸ್ವಿಚ್ಚನ್ನೂ ಆರಿಸು. ಆಮೇಲೆ ಮುಂದಕ್ಕೆ ಓದು.

ಬ್ರೌಸರ್, ಸಿನಿಮಾ, ಆಫೀಸ್ ಕೆಲಸ ಎಲ್ಲ ಸರಿ ಅಂದೆ. ರೇಸ್ ಗೇಮಿನ ಮೆನು ಕೂಡ ಸರಿ. ಮಳೆ ಸುರಿಯುವ ಟ್ರ್ಯಾಕ್ ಶುರುವಾದ ಕೂಡಲೇ ಸ್ಕ್ರೀನ್ ಕಪ್ಪು, ಕಾರ್ಡಿನ ಫ್ಯಾನ್ ಭರ್ರೋ ಅಂತ ಓಡುತ್ತದೆ, ಪವರ್ ಬಟನ್ ಒತ್ತಿ ಹಿಡಿಯದೆ ಬೇರೆ ದಾರಿ ಇಲ್ಲ. ಸೇಫ್ ಮೋಡಿಗೆ ಹೋಗಿ ಡಿಡಿಯು ಅನ್ನುವ ಸಾಫ್ಟ್‌ವೇರ್ ಹಾಕಿ ಕಾರ್ಡಿನ ಹಳೇ ಡ್ರೈವರ್ ಪೂರ್ತಿ ತೆಗೆದಿದ್ದೀಯ, ಹೊಸದು ಹಾಕಿದ್ದೀಯ. ಟೆಂಪರೇಚರ್ ನೋಡಿದ್ದೀಯ, 68 ಡಿಗ್ರಿ ದಾಟಿಲ್ಲ. ಇಷ್ಟನ್ನೂ ಯಾರನ್ನೂ ಕೇಳದೆ ಮಾಡಿದ್ದೀಯಲ್ಲ, ಅದಕ್ಕೆ ನನಗೆ ಎಷ್ಟು ಹೆಮ್ಮೆ ಗೊತ್ತಾ? ಡ್ರೈವರ್ ಮುಟ್ಟಿಯೂ ನೋಡದೆ "ಕಾರ್ಡ್ ಹೋಗಿದೆ ಮೇಡಂ" ಅಂತ ನಮ್ಮ ರಿಪೇರಿ ಅಂಗಡಿಗೆ ಬರುವವರೇ ಜಾಸ್ತಿ.

ಆದರೆ ಕೊನೆಗೆ ನೀನೂ ಅದನ್ನೇ ಅಂದೆ. ಅಲ್ಲಿ ನಾನು ಒಪ್ಪುವುದಿಲ್ಲ. ಮೆಮೊರಿ ಕೆಟ್ಟ ಕಾರ್ಡ್ ಹೆಚ್ಚಾಗಿ ಸ್ಕ್ರೀನ್ ತುಂಬ ಬಣ್ಣಬಣ್ಣದ ಚುಕ್ಕಿ, ಚೌಕ ತೋರಿಸುತ್ತದೆ. ಡ್ರೈವರ್ ನಿಂತುಹೋದರೆ ವಿಂಡೋಸ್ ಎರಡು ಸೆಕೆಂಡ್ ಕಾದು ತಾನೇ ಅದನ್ನು ಎಬ್ಬಿಸಲು ನೋಡುತ್ತದೆ. ಸ್ಕ್ರೀನ್ ಒಮ್ಮೆ ಆರಿ ವಾಪಸ್ ಬರುವುದು ಅದರಿಂದಲೇ. ನಿನ್ನದು ಇವೆರಡೂ ಅಲ್ಲ. ಲೋಡ್ ಬಿದ್ದಾಗ ಮಾತ್ರ ಬೀಳುತ್ತಿದೆ. ಕಾರ್ಡಿಗೆ ಕರೆಂಟ್ ಸಾಲುತ್ತಿಲ್ಲ.

ಲೆಕ್ಕ ನೋಡು. ನಿನ್ನ ಆರ್‌ಟಿಎಕ್ಸ್ 3060 ಕಾರ್ಡ್ ಗೇಮಿನಲ್ಲಿ 170 ವ್ಯಾಟ್‌ವರೆಗೆ ಎಳೆಯುತ್ತದೆ. ಮದರ್‌ಬೋರ್ಡಿನ ಸ್ಲಾಟ್ ಕೊಡುವುದು ಹೆಚ್ಚೆಂದರೆ 75. ಉಳಿದ ಸುಮಾರು ನೂರು ವ್ಯಾಟ್ ಎಂಟು ಪಿನ್ನಿನಿಂದಲೇ ಬರಬೇಕು. ಸರಿಯಾದ ಎಂಟು ಪಿನ್ 150 ಕೊಡುತ್ತದೆ, ತೊಂದರೆಯೇ ಇಲ್ಲ. ಸಾಟಾ ಪ್ಲಗ್ ಇರುವುದು ಹಾರ್ಡ್‌ಡಿಸ್ಕಿಗೆ ಕಣೇ. ಅದರಲ್ಲಿ 12 ವೋಲ್ಟಿಗೆ ಮೂರೇ ತೆಳು ಪಿನ್, ಒಂದೊಂದಕ್ಕೆ ಒಂದೂವರೆ ಆಂಪ್. ಗುಣಿಸಿದರೆ 54 ವ್ಯಾಟ್. ಅದರಿಂದ ನೂರು ಎಳೆದರೆ ಸ್ಕ್ರೀನ್ ಕಪ್ಪಾಗುವುದೇ ಪುಣ್ಯ. ಕಪ್ಪಾಗದೆ ಆಟ ನಡೆಯುತ್ತಾ ಹೋದರೆ ಪ್ಲಗ್ ಕಾದು ಬಿಸಿಯಾಗುತ್ತದೆ.

ಕಾದ ಪ್ಲಗ್ ಹೇಗಿರುತ್ತದೆ ಅಂತ ನಾನು ನೋಡಿದ್ದೇನೆ. ಕಾಲೇಜು ಹುಡುಗನೊಬ್ಬ ತಂದಿದ್ದ ಕ್ಯಾಬಿನೆಟ್. ಸೈಡ್ ಪ್ಯಾನೆಲ್ ತೆಗೆಯುತ್ತಿದ್ದ ಹಾಗೇ ಗಂಟಲಿಗೆ ಹಿಡಿಯುವ ವಾಸನೆ. ಎಳೆದರೆ ಪ್ಲಗ್ ಬರಲಿಲ್ಲ, ಪ್ಲಾಸ್ಟಿಕ್ ಕರಗಿ ಎರಡೂ ಕಡೆ ಒಂದಾಗಿಹೋಗಿತ್ತು. ಹಳದಿ ವೈರ್ ಕಂದು ತಿರುಗಿ ಕಡ್ಡಿಯ ಹಾಗೆ ಸೆಟೆದಿತ್ತು, ಬಗ್ಗಿಸಿದರೆ ಮೇಲಿನ ಪದರ ಪುಡಿಪುಡಿ. ಅವನದೂ ಇದೇ ಸಾಟಾ ಕನ್ವರ್ಟರ್. ಡೌನ್‌ಲೋಡ್ ಹಾಕಿ, ಮಷೀನ್ ಆನ್ ಬಿಟ್ಟು ಮಲಗುತ್ತಿದ್ದನಂತೆ. ನೀನೂ ಹಾಗೇ ಮಲಗುತ್ತೀಯ. ನಿನ್ನ ಕ್ಯಾಬಿನೆಟ್ ಮಂಚದ ಪಕ್ಕ, ಕಿಟಕಿ ಪರದೆ ಅದಕ್ಕೆ ತಾಗುತ್ತದೆ, ವಿಡಿಯೋ ಕಾಲಿನಲ್ಲಿ ನೋಡಿದ್ದೇನೆ. ಪಿಜಿಯ ಮೂರನೇ ಮಹಡಿ, ಒಳಗಿನಿಂದ ಚಿಲಕ. ಹಳದಿ ವೈರು, ಪರದೆ, ಚಿಲಕ. ರಾತ್ರಿಯಿಡೀ ಇವೇ ತಲೆಯಲ್ಲಿ ತಿರುಗುತ್ತಿದ್ದವು. "ಎರಡು ಸಾಟಾ ಪ್ಲಗ್ ಸೇರಿಸಿದ ಕನ್ವರ್ಟರ್ ಅಮ್ಮ, ಏನಾಗಲ್ಲ" ಅಂತ ನೀನು ಅನ್ನಬಹುದು. ಸಮಾಧಾನ ಇಲ್ಲ. ಎರಡೂ ಹೆಚ್ಚಾಗಿ ಎಸ್‌ಎಂಪಿಎಸ್ಸಿನ ಒಂದೇ ವೈರಿನ ಮೇಲೆ ಇರುತ್ತವೆ. ಅಗ್ಗದ ಪ್ಲಗ್ಗುಗಳಲ್ಲಂತೂ ಒಳಗೆ ವೈರುಗಳು ಎಷ್ಟು ಹತ್ತಿರ ಕೂತಿವೆ ಅಂತ ಹೊರಗಿನಿಂದ ಕಾಣುವುದೇ ಇಲ್ಲ. ಬಿಸಿಗೆ ಮೆತ್ತಗಾಗಿ ಒಂದನ್ನೊಂದು ಮುಟ್ಟಿದರೆ ಶಾರ್ಟ್. 2022ರಲ್ಲಿ ಆರ್‌ಟಿಎಕ್ಸ್ 4090ರ ಪ್ಲಗ್ಗುಗಳು ಕರಗಿದ ಫೋಟೋ ನನಗೆ ತೋರಿಸಿದವಳೇ ನೀನು. ಪ್ಲಗ್ ಪೂರ್ತಿ ಒಳಗೆ ಕೂರದಿರುವುದೇ ಮುಖ್ಯ ಕಾರಣ ಅಂತ ಎನ್‌ವಿಡಿಯಾ ಆಗ ಹೇಳಿತ್ತು. ಅಷ್ಟು ದುಬಾರಿ ಕಾರ್ಡಿನ ಕಥೆಯೇ ಹಾಗಾದರೆ ಇದನ್ನು ಹೇಗೆ ನಂಬುವುದು?

ಇವತ್ತೇ ಮಾಡು. ಸ್ವಿಚ್ ಆರಿಸಿ ವೈರ್ ಕಿತ್ತ ಮೇಲೆ ಕನ್ವರ್ಟರ್ ಬಿಚ್ಚು. ಸ್ಕ್ರೂ ತೆಗೆದು, ಸ್ಲಾಟಿನ ತುದಿಯ ಲಾಕ್ ಒತ್ತಿ, ಆಮೇಲೆ ಕಾರ್ಡ್ ಎತ್ತು. ಬಲ ಹಾಕಬೇಡ. ಅದರ ಎಂಟು ಪಿನ್ ಸಾಕೆಟ್ಟಿಗೆ ಟಾರ್ಚ್ ಹಾಕಿ ನೋಡು, ಎಲ್ಲಾದರೂ ಕಪ್ಪಗಿದೆಯಾ ಅಂತ. ನಿನ್ನ 5600ಜಿ ಪ್ರೊಸೆಸರಿನಲ್ಲಿ ಅದರದ್ದೇ ಗ್ರಾಫಿಕ್ಸ್ ಇದೆ, ಎಚ್‌ಡಿಎಂಐ ಕೇಬಲ್ ಮದರ್‌ಬೋರ್ಡಿಗೆ ಚುಚ್ಚಿದರೆ ಆಫೀಸ್ ಕೆಲಸಕ್ಕೆ ಧಾರಾಳ ಆಯಿತು.

ಮನೆಯಲ್ಲಿರುವ, ಕೇಬಲ್ ಕಳಚಿ ಬರುವ ಮಾಡ್ಯುಲರ್ ಎಸ್‌ಎಂಪಿಎಸ್ಸಿನ ಎಂಟು ಪಿನ್ ಕೇಬಲ್ ಕೊರಿಯರ್ ಮಾಡು ಅಂದೆಯಲ್ಲ, ಅದನ್ನು ಕಳಿಸುವುದಿಲ್ಲ. ಬೇರೆ ಎಸ್‌ಎಂಪಿಎಸ್ಸಿಗೆ ಪ್ಲಗ್ ಸರಿಯಾಗಿ ಕೂತರೂ ಒಳಗಿನ ವೈರುಗಳ ಜಾಗ ಬೇರೆ ಇರಬಹುದು. ಹಾಗಿದ್ದರೆ ಕಾರ್ಡ್ ಒಂದೇ ಕ್ಷಣದಲ್ಲಿ ಸುಟ್ಟುಹೋಗಬಹುದು. ಎಸ್‌ಎಂಪಿಎಸ್ ಡಬ್ಬಿಯನ್ನು ಬಿಚ್ಚಿ ನೋಡುವ ಸಾಹಸವೂ ಬೇಡ. ವೈರ್ ಕಿತ್ತ ಮೇಲೂ ಒಳಗಿನ ಕೆಪಾಸಿಟರಿನಲ್ಲಿ 300 ವೋಲ್ಟಿಗಿಂತ ಜಾಸ್ತಿ ಉಳಿದಿರಬಹುದು.

ಪಿಸಿಐಇ ಅಂತ ಬರೆದಿರುವ ಎಂಟು ಪಿನ್ ತನ್ನದೇ ಆಗಿರುವ 550 ವ್ಯಾಟಿನ ಎಸ್‌ಎಂಪಿಎಸ್ ತಗೋ. ಸಿಪಿಯು ಅಂತ ಬರೆದದ್ದೂ ನೋಡಲು ಹಾಗೇ ಇರುತ್ತದೆ, ಅದು ಇದಲ್ಲ. ಮುಂದೆ ದೊಡ್ಡದಾಗಿ ಬರೆದ ವ್ಯಾಟ್ ನಂಬಬೇಡ, ಸ್ಟಿಕ್ಕರಿನಲ್ಲಿ 12 ವೋಲ್ಟಿನ ಸಾಲು ಓದು. 450 ಅಂತ ಹಾಕಿ ಆ ಸಾಲಿನಲ್ಲಿ 15 ಆಂಪ್ ಇದ್ದರೆ ಕಾರ್ಡಿಗೂ ಪ್ರೊಸೆಸರಿಗೂ ಸೇರಿ ಸಿಗುವುದು 180 ವ್ಯಾಟ್ ಅಷ್ಟೇ. ಅದನ್ನು ಹಾಕಿಸಿದ ಮೇಲೂ ಸ್ಕ್ರೀನ್ ಕಪ್ಪಾದರೆ ಆಗ ಕಾರ್ಡಿನ ಮೇಲೆ ಅನುಮಾನ ಪಡೋಣ. ಫ್ರೆಂಡ್ ಮಷೀನಿಗೆ ಹಾಕಿ ನೋಡು, ಅಲ್ಲೂ ಹಾಗೇ ಆದರೆ ಹೊಸದು ತಗೋ, ನಾನು ತುಟಿ ಪಿಟಕ್ ಅನ್ನುವುದಿಲ್ಲ. ಒಂದು ಸಲಕ್ಕೆ ಒಂದೇ ಬದಲಾಯಿಸು. ಎಲ್ಲ ಒಟ್ಟಿಗೆ ಬದಲಾಯಿಸಿದರೆ ಯಾವುದು ಕೆಟ್ಟಿತ್ತು ಅಂತ ಗೊತ್ತಾಗುವುದು ಹೇಗೆ? ಹಾಗೇ ಸಾಕೆಟ್ಟಿಗೆ ಅರ್ಥಿಂಗ್ ಇದೆಯಾ ಅಂತ ಪಿಜಿಯವರನ್ನು ಕೇಳು. ಕ್ಯಾಬಿನೆಟ್ ಮುಟ್ಟಿದರೆ ಜುಮ್ ಅನ್ನುತ್ತದೆ ಅಂತ ಪಿಜಿಗೆ ಬಂದ ಹೊಸದರಲ್ಲಿ ನೀನೇ ಹೇಳಿದ್ದೆ, ಆಮೇಲೆ ಅದರ ಸುದ್ದಿಯೇ ಎತ್ತಲಿಲ್ಲ. ಮಲಗುವಾಗ ಸ್ವಿಚ್ ಆರಿಸು. ಊಟದ ತಟ್ಟೆಯನ್ನು ಕ್ಯಾಬಿನೆಟ್ ಮೇಲೆ ಇಡಬೇಡ.

ಬಿಚ್ಚಿದ ಕನ್ವರ್ಟರಿನ ಎರಡೂ ತುದಿಯ ಫೋಟೋ ಕಳಿಸು, ಈಗಿರುವ ಎಸ್‌ಎಂಪಿಎಸ್ಸಿನ ಸ್ಟಿಕ್ಕರಿನದೂ. ಎಷ್ಟು ಹೊತ್ತಾದರೂ ಪರವಾಗಿಲ್ಲ, ನಾನು ಎದ್ದಿರುತ್ತೇನೆ. ಇನ್ನೂ ಕೋಪ ಇದ್ದರೆ ಮಾತಾಡಬೇಡ, ಫೋಟೋ ಮಾತ್ರ ಕಳಿಸು.

ಅಮ್ಮ