ಆಟಿಯಲ್ಲಿ ಆಟ ಕಟ್ಟಿದ ಅಪ್ಪನಿಗೆ, ಅಮ್ಮನಿಗೆ

ಹೋದ ಭಾನುವಾರ ಅಪ್ಪನಿಗೆ 75 ಆಯ್ತು. ಬಂದವರಿಗೆ, ಫೋನ್ ಮಾಡಿದವರಿಗೆ, ಬರ್ಲಿಕ್ಕೆ ಆಗದೆ ಹಲಸಿನ ಹಪ್ಪಳ ಕಳಿಸಿದ ಅತ್ತೆಗೆ, ಎಲ್ಲರಿಗೂ ಥ್ಯಾಂಕ್ಸ್. ಅವತ್ತು ಮೈಕ್ ಕೊಟ್ಟಾಗ ಗಂಟಲು ಕಟ್ಟಿ ಮಾತೇ ಬರ್ಲಿಲ್ಲ ಮಾರಾಯ್ರೆ, ಅದಕ್ಕೆ ಇಲ್ಲಿ ಬರೀತಿದ್ದೇನೆ.

1990 ಆಗಸ್ಟ್ 2, ಗುರುವಾರ, ಇರಾಕ್ ಸೇನೆ ಕುವೈತಿಗೆ ನುಗ್ಗಿದ ದಿನ. ನನಗೆ ಐದು ವರ್ಷ, ಕುವೈತಿನ ಸಾಲ್ಮಿಯಾದಲ್ಲಿ ನಮ್ಮ ಮನೆ. ಬೆಳಿಗ್ಗೆ ಢಂ ಢಂ ಶಬ್ದಕ್ಕೆ ಎದ್ದು ಅಳ್ಲಿಕ್ಕೆ ಶುರು ಮಾಡಿದ್ದೆ. ಅಪ್ಪ ಕಿಟಕಿ ಪರದೆ ಎಳೆದು "ಚೆಂಡೆ ಮಗಾ ಅದು. ಪತ್ತನಾಜೆ ಆಗಿ ಎರಡು ತಿಂಗಳು ದಾಟಿತು, ಇವ್ರಿಗೆ ಆಟಿಯಲ್ಲಿ ಆಟ! ಎಂಥ ಮೇಳವೋ" ಅಂದ್ರು. ಆಟ ಅಂದ್ರೆ ಯಕ್ಷಗಾನ. ನಮ್ಮ ಕರಾವಳಿಯಲ್ಲಿ ಮೇ ಕೊನೆಗೆ ಬರುವ ಪತ್ತನಾಜೆಗೆ ಮೇಳಗಳ ತಿರುಗಾಟ ಮುಗೀತದೆ, ಆಟಿ ಅಂದ್ರೆ ಜೋರು ಮಳೆಯ ತಿಂಗಳು. ಅವತ್ತಿಂದ ಇರಾಕಿ ಸೈನಿಕರೆಲ್ಲ ನನಗೆ ಬಣ್ಣದ ವೇಷ, ಅಂದ್ರೆ ಆಟದ ರಾಕ್ಷಸರು, ಹೆಲ್ಮೆಟ್ ಅಂದ್ರೆ ಕಿರೀಟ. ನಾನು ಕೋಡಂಗಿ, ಹಾಡಿ ಆಟ ನಡೆಸುವ ಭಾಗವತರು ಅಪ್ಪನೇ, ಮತ್ತೆ ರೂಲ್ಸ್ ಒಂದೇ, ಭಾಗವತರು ಪದ ಎತ್ತದೆ ಕೋಡಂಗಿ ಬಾಯಿ ಬಿಡ್ಲಿಕ್ಕಿಲ್ಲ. ಚೆಕ್‌ಪೋಸ್ಟಲ್ಲಿ ಮಗುವನ್ನು ಸುಮ್ಮನಿರಿಸ್ಲಿಕ್ಕೆ ಇದಕ್ಕಿಂತ ಒಳ್ಳೆ ಉಪಾಯ ಉಂಟಾ ಹೇಳಿ.

ಬಸ್ರಾ ದಾರಿಯಲ್ಲಿ ಒಂದು ಬಣ್ಣದ ವೇಷ ಬಸ್ ಹತ್ತಿ ನನ್ನ ಕೆನ್ನೆ ಚಿವುಟಿ, ಅಮ್ಮನ ಕೈಯಿಂದ ವಾಚ್ ಬಿಚ್ಚಿಸಿಕೊಂಡು ಇಳಿದು ಹೋಯ್ತು. "ವೇಷಕ್ಕೆ ಕಾಣಿಕೆ ಮಗಾ" ಅಂದ್ರು ಅಪ್ಪ. ಬಾಗ್ದಾದ್ ದಾಟಿ ಜೋರ್ಡಾನ್ ಗಡಿಯ ಮರುಭೂಮಿಯಲ್ಲಿ ಟೆಂಟು, ಹಗಲು ಕೆಂಡ, ನೀರಿನ ಟ್ಯಾಂಕರಿಗೆ ಕ್ಯೂ. ಅದು ಚೌಕಿ, ವೇಷ ಕಟ್ಟಿ ಕೂರುವ ಜಾಗ, ನಮ್ಮ ಸರದಿ ಬರುವ ತನಕ ಕಾಯ್ಬೇಕು ಅಂತ ಕೂರಿಸಿದ್ರು. ಆಮೇಲೆ ಅಮ್ಮಾನಿಂದ ಬಾಂಬೆಗೆ ವಿಮಾನ. ಏರ್ ಇಂಡಿಯಾ 59 ದಿನದಲ್ಲಿ 488 ಫ್ಲೈಟ್ ಹಾರಿಸಿ ಲಕ್ಷಕ್ಕೂ ಹೆಚ್ಚು ಜನರನ್ನು ತಂದಿತ್ತು, ಅದರಲ್ಲಿ ನಾವೂ ಮೂರು ಜನ. ಆಗಿನ ವಿದೇಶಾಂಗ ಮಂತ್ರಿ ಗುಜ್ರಾಲ್ ಇರಾಕಿನ ಸದ್ದಾಂನನ್ನು ಅಪ್ಪಿಕೊಂಡ ಫೋಟೋಗೆ ಊರೆಲ್ಲ ಬೈದ್ರೂ ಅಪ್ಪ ಮಾತ್ರ ಇವತ್ತಿಗೂ ಗುಜ್ರಾಲ್ ಬಗ್ಗೆ ಒಂದು ಮಾತು ಆಡ್ಲಿಕ್ಕೆ ಬಿಡುದಿಲ್ಲ.

ಪಿಯುಸಿಯಲ್ಲಿದ್ದಾಗ ಇದೆಲ್ಲ ಎಂಥದ್ದು ಅಂತ ಸರಿಯಾಗಿ ಗೊತ್ತಾಗಿ, ಸುಳ್ಳು ಹೇಳಿದ್ರಲ್ಲ ಅಂತ ಅಪ್ಪನ ಮೇಲೆ ಸಿಟ್ಟೂ ಬಂದಿತ್ತು. ಈಗ ನನಗೂ ಮಗಳಿದ್ದಾಳೆ, ಸಿಟ್ಟು ಹೋಗಿದೆ.

ಆದ್ರೆ ಭಾನುವಾರ ಊಟ ಆದ ಮೇಲೆ ಅಮ್ಮ ಒಂದು ವಿಷಯ ಹೇಳಿದ್ಳು. ಅವತ್ತು ಅಪ್ಪ ಏಳುವ ಮೊದಲೇ ಅವಳು ಆ ಕಿಟಕಿ ಹತ್ರ ನಿಂತಿದ್ದಳಂತೆ. ಎದುರು ಬಿಲ್ಡಿಂಗಿನ ವಾಚ್‌ಮ್ಯಾನ್ ರಸ್ತೆಯಲ್ಲಿ ಬಿದ್ದಿದ್ದ. ದಿನಾ ನನಗೆ ಚಾಕ್ಲೇಟ್ ಕೊಡ್ತಿದ್ದವನು. ಒಳಗೆ ಹೋಗಿ ದೋಸೆ ಹೊಯ್ದಳು. ಅಪ್ಪನಿಗೂ ಹೇಳ್ಲಿಲ್ಲ, ಹೇಳಿದ್ರೆ ಅವ್ರಿಗೆ ಕಥೆ ಮುಂದುವರಿಸ್ಲಿಕ್ಕೆ ಆಗ್ತಿರ್ಲಿಲ್ಲ ಅಂತ. 35 ವರ್ಷ ಹೇಳ್ಲಿಲ್ಲ! ಅಪ್ಪ ಪಾಯಸದ ಗ್ಲಾಸ್ ಹಿಡ್ಕೊಂಡು ಹಾಗೇ ಕೂತಿದ್ರು.

ಇನ್ನು ಕೆಲವರಿಗೆ ಥ್ಯಾಂಕ್ಸ್ ಬಾಕಿ ಉಂಟು. ಅಕ್ಕಿ ಹಂಚಿಕೊಂಡ ಕೆಳಗಿನ ಮನೆಯ ಮಲಯಾಳಿಗಳು, ಖರ್ಜೂರ ಕೊಟ್ಟ ಬಸ್ ಡ್ರೈವರ್. ಕೊಂಕಣ ರೈಲು ಇಲ್ಲದ ಕಾಲ, ಕುವೈತಿ ದಿನಾರಿಗೆ ಬೆಲೆಯೂ ಇಲ್ಲ, ಬಾಂಬೆಯಿಂದ ಮಂಗಳೂರಿಗೆ ಟಿಕೆಟ್ ಕೇಳದೆ ಕರ್ಕೊಂಡು ಬಂದ ಕಂಡಕ್ಟರ್. ಯಾರ ಹೆಸರೂ ನಮಗೆ ನೆನಪಿಲ್ಲ.

ಅಮ್ಮನಿಗೆ ಅವತ್ತೇ ಸಂಜೆ ಹೋಗಿ ಒಂದು ವಾಚ್ ತಂದೆ. ಕಟ್ಟಿಕೊಂಡು ಕೈ ತಿರುಗಿಸಿ ನೋಡಿ, ಅಪ್ಪನ ಕಡೆಗೆ "ಬಣ್ಣದ ವೇಷ ಬಂದ್ರೆ ಈ ಸಲ ಕೊಡುದಿಲ್ಲ ಆಯ್ತಾ" ಅಂದ್ಳು.