ಎಂಎಸ್: ಮನೆತನ ವಿಚಾರಿಸುವ ಮೊದಲು ಲಕ್ಷಣ ಗಮನಿಸಿ

ಮಾನ್ಯ ಸಂಪಾದಕರೇ,

ಯಾರಿಗಾದರೂ ಮಲ್ಟಿಪಲ್ ಸ್ಕ್ಲೆರೋಸಿಸ್, ಅಂದರೆ ಎಂಎಸ್, ಇದೆಯೆಂದು ತಿಳಿದ ಕೂಡಲೇ ಸುತ್ತಲಿನವರು ಕೇಳುವುದು ‘ನಿಮ್ಮ ಮನೆತನದಲ್ಲಿ ಇದು ಯಾರಿಗಿತ್ತು?’ ಎಂದು. ನನ್ನ ಅಕ್ಕನಿಗೆ ಈ ಕಾಯಿಲೆ ಇರುವುದರಿಂದ ಈ ಮಾತನ್ನು ನಾನೂ ಹಲವು ಬಾರಿ ಕೇಳಿಸಿಕೊಂಡಿದ್ದೇನೆ. ನಮ್ಮ ಮನೆತನದಲ್ಲಿ ಯಾರಿಗೂ ಇರಲಿಲ್ಲ. ಎಂಎಸ್ ಇರುವ ಬಹುಪಾಲು ಜನರ ಕುಟುಂಬಗಳಲ್ಲಿಯೂ ಹಾಗೆಯೇ. ಆದರೂ ವಂಶದಲ್ಲಿ ಇಲ್ಲವೆಂಬ ಧೈರ್ಯದಿಂದ ಲಕ್ಷಣಗಳನ್ನು ಕಡೆಗಣಿಸುವವರು ಇದ್ದಾರೆ, ವಂಶದಲ್ಲಿ ಇದೆಯೆಂಬ ಭಯದಿಂದ ಪ್ರತಿಯೊಂದು ಜೋಮಿಗೂ ನಿದ್ದೆಗೆಡುವವರೂ ಇದ್ದಾರೆ.

ರೋಗನಿರೋಧಕ ವ್ಯವಸ್ಥೆಯೇ ಮಿದುಳು, ಬೆನ್ನುಹುರಿ ಮತ್ತು ದೃಷ್ಟಿನರಗಳಲ್ಲಿ ನರತಂತುಗಳನ್ನು ಸುತ್ತುವರಿದು ಕಾಪಾಡುವ ಮಯಲಿನ್ ಹೊದಿಕೆಯ ಮೇಲೆ ದಾಳಿ ಮಾಡುವ ಈ ಕಾಯಿಲೆಯನ್ನು ಯಾವುದೇ ಒಂದೇ ಪರೀಕ್ಷೆಯಿಂದ ಖಚಿತಪಡಿಸಲಾಗದು. 2001ರಲ್ಲಿ ರೂಪುಗೊಂಡು ಮುಂದೆ ಹಲವು ಸಲ ಪರಿಷ್ಕೃತವಾದ, ವೈದ್ಯರು ಎಂಎಸ್ ಪತ್ತೆಗೆ ಬಳಸುವ ಮೆಕ್‌ಡೊನಾಲ್ಡ್ ಮಾನದಂಡಗಳ ತಿರುಳು ಇಷ್ಟು: ನರಮಂಡಲದ ಒಂದಕ್ಕಿಂತ ಹೆಚ್ಚು ಜಾಗಗಳಲ್ಲಿ, ಸಾಮಾನ್ಯವಾಗಿ ಬೇರೆ ಬೇರೆ ಸಮಯಗಳಲ್ಲಿ, ಹಾನಿಯಾಗಿರುವುದಕ್ಕೆ ಪುರಾವೆ ಬೇಕು, ಮತ್ತು ಆ ಹಾನಿಗೆ ಇನ್ನೊಂದು ಕಾರಣ ಇರಬಾರದು. ಎಂಆರ್‌ಐ ಈ ಪುರಾವೆಯ ದೊಡ್ಡ ಭಾಗವನ್ನು ಒದಗಿಸುತ್ತದೆ; ಬೆನ್ನುಹುರಿಯ ದ್ರವದಲ್ಲಿ ಕಾಣುವ ಆಲಿಗೋಕ್ಲೋನಲ್ ಪಟ್ಟಿಗಳು (ಪ್ರತಿಕಾಯ ಪ್ರೋಟೀನ್‌ಗಳ ಗುರುತುಗಳು) ಸಮಯದ ಪುರಾವೆಗೆ ಬದಲಾಗಿ ನಿಲ್ಲಬಹುದೆಂದು 2017ರ ಪರಿಷ್ಕರಣೆ ಒಪ್ಪಿತು. ಈ ಮಾನದಂಡಗಳಲ್ಲಿ ಕುಟುಂಬದ ಇತಿಹಾಸಕ್ಕೆ ಸ್ಥಾನವೇ ಇಲ್ಲವೆಂಬುದನ್ನು ಓದುಗರು ಗಮನಿಸಬೇಕು.

ರೋಗ ಪತ್ತೆಯಾಗುವುದು ತಡವಾಗಲು ಮುಖ್ಯ ಕಾರಣ ಕಾಯಿಲೆಯ ಸ್ವಭಾವದಲ್ಲೇ ಇದೆ. ಒಂದು ಕಣ್ಣಿನ ದೃಷ್ಟಿ ಕೆಲವೇ ದಿನಗಳಲ್ಲಿ ಮಂಕಾಗಿ ಕಣ್ಣು ಹೊರಳಿಸಿದಾಗ ನೋಯುವುದು, ಕಾಲು ಅಥವಾ ಸೊಂಟದ ಸುತ್ತ ಮರಗಟ್ಟಿದಂತಾಗುವುದು, ನಡೆಯುವಾಗ ಸಮತೋಲನ ತಪ್ಪುವುದು, ಇವೆಲ್ಲ ಕೆಲವು ವಾರಗಳಲ್ಲಿ ತಾವಾಗಿಯೇ ಕಡಿಮೆಯಾಗಬಹುದು. ಕಡಿಮೆಯಾಯಿತೆಂದು ರೋಗಿ ಸುಮ್ಮನಾಗುತ್ತಾರೆ, ಮನೆಯವರು ಆಯಾಸವೆನ್ನುತ್ತಾರೆ. ಒಂದು ದಿನಕ್ಕಿಂತ ಹೆಚ್ಚು ಕಾಲ ಬಿಡದೆ ಉಳಿಯುವ ಇಂಥ ಲಕ್ಷಣವನ್ನು, ಅದು ಮಾಯವಾದ ಮೇಲೂ, ನರರೋಗ ತಜ್ಞರಿಗೆ ತಿಳಿಸಲೇಬೇಕು. ಅವಸರದ ತೀರ್ಮಾನವೂ ಅಷ್ಟೇ ಅಪಾಯಕಾರಿ. ಮೈಗ್ರೇನ್ ಇರುವವರ ಮಿದುಳಿನ ಎಂಆರ್‌ಐಯಲ್ಲೂ ಎಂಎಸ್‌ನಲ್ಲಿರುವಂಥ ಬಿಳಿ ಚುಕ್ಕೆಗಳು ಕಾಣಬಹುದು, ಬಿ12 ಜೀವಸತ್ವದ ಕೊರತೆಯಿಂದಲೂ ಮೈ ಜೋಮು ಹಿಡಿಯುತ್ತದೆ. ನ್ಯೂರೋಮಯಲೈಟಿಸ್ ಆಪ್ಟಿಕಾ ಎಂಬ ಹೋಲಿಕೆಯ ಕಾಯಿಲೆಯಂತೂ ಎಂಎಸ್‌ಗೆ ಕೊಡುವ ಕೆಲವು ಔಷಧಗಳಿಂದ ಉಲ್ಬಣಿಸುತ್ತದೆ. ಅದನ್ನು ರಕ್ತಪರೀಕ್ಷೆಯಿಂದ ಬೇರ್ಪಡಿಸುವುದು ಜೀವನ್ಮರಣದ ವಿಷಯವಾಗಬಹುದು.

ಇನ್ನು ವಂಶದ ಮಾತು. ಎಂಎಸ್ ನೇರವಾಗಿ ತಂದೆತಾಯಿಯಿಂದ ಮಕ್ಕಳಿಗೆ ಇಳಿದುಬರುವ ಕಾಯಿಲೆಯಲ್ಲ, ಆದರೆ ಅದಕ್ಕೆ ಒಳಗಾಗುವ ಸಾಧ್ಯತೆಯಲ್ಲಿ ವಂಶವಾಹಿಗಳ ಪಾಲಿದೆ. ಪಾಶ್ಚಾತ್ಯ ದೇಶಗಳ ಅಧ್ಯಯನಗಳ ಪ್ರಕಾರ ತಂದೆ ಅಥವಾ ತಾಯಿಗೆ ಎಂಎಸ್ ಇದ್ದರೆ ಮಗುವಿಗೆ ಬರುವ ಸಂಭವ ಸುಮಾರು 100ಕ್ಕೆ 2, ಒಡಹುಟ್ಟಿದವರಿಗೆ 100ಕ್ಕೆ 2ರಿಂದ 3. ತದ್ರೂಪಿ ಅವಳಿಗಳಲ್ಲಿ ಒಬ್ಬರಿಗಿದ್ದರೆ ಇನ್ನೊಬ್ಬರಿಗೆ ಬರುವುದು ಸರಿಸುಮಾರು ನಾಲ್ಕೈದರಲ್ಲಿ ಒಂದು ಜೋಡಿಯಲ್ಲಿ ಮಾತ್ರ. ವಂಶವಾಹಿಗಳೇ ಎಲ್ಲವೂ ಆಗಿದ್ದರೆ ಅದು ಬಹುತೇಕ ಎಲ್ಲ ಜೋಡಿಗಳಲ್ಲೂ ಆಗಬೇಕಿತ್ತು. ಈವರೆಗೆ ಗುರುತಿಸಿರುವ ವಂಶವಾಹಿ ಬದಲಾವಣೆಗಳು 200ಕ್ಕೂ ಹೆಚ್ಚು, ಅವುಗಳಲ್ಲಿ ಬಹುತೇಕ ಎಲ್ಲದರ ಪ್ರಭಾವವೂ ಅಲ್ಪ. ಉಳಿದ ಪಾಲು ಪರಿಸರದ್ದು. ಅಮೆರಿಕದ ಸೈನಿಕರ ರಕ್ತದ ಮಾದರಿಗಳನ್ನು ಆಧರಿಸಿ 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಎಪ್‌ಸ್ಟೈನ್-ಬಾರ್ ವೈರಸ್ ಸೋಂಕಿನ ನಂತರ ಎಂಎಸ್ ಸಂಭವ 32 ಪಟ್ಟು ಹೆಚ್ಚಿದ್ದು ಕಂಡುಬಂದಿತು. ಧೂಮಪಾನ, ಡಿ ಜೀವಸತ್ವದ ಕೊರತೆ, ಹದಿಹರೆಯದ ಬೊಜ್ಜು ಕೂಡ ಇದರೊಂದಿಗೆ ತಳಕು ಹಾಕಿಕೊಂಡಿವೆ.

ಆದ್ದರಿಂದ ಲಕ್ಷಣವಿಲ್ಲದ ಮಕ್ಕಳಿಗೂ ಒಡಹುಟ್ಟಿದವರಿಗೂ ಮುನ್ನೆಚ್ಚರಿಕೆಯೆಂದು ಎಂಆರ್‌ಐ ಮಾಡಿಸುವುದರಲ್ಲಿ ಅರ್ಥವಿಲ್ಲ. ಕಾಯಿಲೆ ಬರುತ್ತದೆಯೋ ಇಲ್ಲವೋ ಎಂದು ಹೇಳಬಲ್ಲ ವಂಶವಾಹಿ ಪರೀಕ್ಷೆಯೂ ಇಲ್ಲ. ಆರೋಗ್ಯ ಪುಟಗಳಲ್ಲಿ ‘ಸಂಬಂಧಿಕರಿಗೆ ಅಪಾಯ ಹತ್ತಾರು ಪಟ್ಟು’ ಎಂದಷ್ಟೇ ಬರೆದರೆ ಓದಿದವರು ಹೆದರುತ್ತಾರೆ. ಅದರ ಪಕ್ಕದಲ್ಲೇ ‘ನೂರರಲ್ಲಿ ತೊಂಬತ್ತೇಳು ಒಡಹುಟ್ಟಿದವರಿಗೆ ಬರುವುದಿಲ್ಲ’ ಎಂದೂ ಮುದ್ರಿಸಬೇಕೆಂದು ತಮ್ಮಲ್ಲಿ ವಿನಂತಿಸುತ್ತೇನೆ.

ಇಂತಿ,
ಓರ್ವ ಓದುಗ